ಪ್ರವಾಸಕ್ಕೂ ಲ್ಯಾಪ್‌ಟಾಪ್ ಕೆಲಸಕ್ಕೂ ಒದಗುವ ಪವರ್ ಬ್ಯಾಂಕ್: 20,000 ಎಂಎಎಚ್ ಸಾಕೇ, 27,000 ಬೇಕೇ, 50,000 ಕೊಳ್ಳಬಹುದೇ?

ಪ್ರಶ್ನೆ: ಬನವಾಸಿ ದಾರಿ

ಎಲ್ಲರಿಗೂ ನಮಸ್ಕಾರ. ಕುಡಿಯುವ ನೀರಿನ ಮೂಲಗಳ ಸಮೀಕ್ಷೆ ನಡೆಸುವ ಸಂಸ್ಥೆಯೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಮಳೆಗಾಲ ಕಳೆದ ಮೇಲೆ ಸಿದ್ದಾಪುರ, ಸೊರಬ, ಹೊಸನಗರದ ಹಳ್ಳಿಗಳಲ್ಲಿಯೂ, ಬೇಸಿಗೆಯಲ್ಲಿ ರಾಯಚೂರು, ಕಲಬುರಗಿ ಜಿಲ್ಲೆಗಳಲ್ಲಿಯೂ ಓಡಾಟವಿರುತ್ತದೆ. ಹಗಲೆಲ್ಲ ಫೋನಿನಲ್ಲಿ ನಕ್ಷೆ ತೆರೆದೇ ಇರುತ್ತದೆ. ಜೊತೆಗೆ ಒಂದು ಚಿಕ್ಕ ಜಿಪಿಎಸ್ ರಿಸೀವರ್. ಸಂಜೆ ತಂಗಿದ ಮನೆಯಲ್ಲಿ ಲ್ಯಾಪ್‌ಟಾಪ್ ತೆರೆದು ಅಂದಿನ ಮಾಹಿತಿಯನ್ನು ಅಂದೇ ತುಂಬಿಸಬೇಕು, ಆದರೆ ಘಟ್ಟದ ಮೇಲಿನ ಹಳ್ಳಿಗಳಲ್ಲಿ ಕರೆಂಟು ಯಾವಾಗ ಬರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವವರೇ ಇಲ್ಲ.

ಲ್ಯಾಪ್‌ಟಾಪ್ ಟೈಪ್-ಸಿ ಕಿಂಡಿಯಿಂದ ಚಾರ್ಜ್ ಆಗುತ್ತದೆ. ಅದರ ಚಾರ್ಜರಿನ ಮೇಲೆ 20 ವೋಲ್ಟ್, 3.25 ಆಂಪಿಯರ್ ಎಂದು ಬರೆದಿದೆ. ಬ್ಯಾಟರಿ ಹಿಡಿಯುವ ಒಟ್ಟು ಶಕ್ತಿ 56 ವ್ಯಾಟ್-ಅವರ್. ಆಗಾಗ ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ವಿಮಾನದಲ್ಲಿ ದೆಹಲಿಗೆ ಹೋಗಬೇಕಾಗುತ್ತದೆ. ಆನ್‌ಲೈನ್‌ನಲ್ಲಿ 50,000 ಎಂಎಎಚ್ (ಮಿಲಿಆಂಪಿಯರ್-ಅವರ್) ಎಂದು ಬರೆದ ಪವರ್ ಬ್ಯಾಂಕ್, ಹೆಸರಾಂತ ಕಂಪನಿಗಳ 20,000 ಎಂಎಎಚ್‌ನದಕ್ಕಿಂತ ಅಗ್ಗವಾಗಿ ಸಿಗುತ್ತಿರುವುದನ್ನು ಕಂಡು ಆಸೆಯೂ ಆಗಿದೆ, ಅನುಮಾನವೂ ಬಂದಿದೆ. ಬಳಸಿ ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ಸರ್ಕ್ಯೂಟ್ ಸುಬ್ಬ

ನಿಮ್ಮ ಅನುಮಾನವನ್ನೇ ನಂಬಿ, ಆಸೆಯನ್ನು ಬಿಡಿ.

ಮೊದಲು ಎಂಎಎಚ್ ಎಂಬ ಅಂಕಿಯನ್ನು ಬದಿಗಿಟ್ಟು ವ್ಯಾಟ್-ಅವರ್ ನೋಡುವುದನ್ನು ರೂಢಿ ಮಾಡಿಕೊಳ್ಳಿ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿರುವ 20,000 ಎಂಬುದು ಒಳಗಿನ ಲಿಥಿಯಂ ಸೆಲ್‌ಗಳ ಲೆಕ್ಕ, ಆ ಸೆಲ್‌ಗಳ ಸರಾಸರಿ ವೋಲ್ಟೇಜು ಸುಮಾರು 3.7. ಎರಡನ್ನೂ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ವ್ಯಾಟ್-ಅವರ್ ಬರುತ್ತದೆ. ಅದು ಹೊರಗೆ ಬರುವಾಗ 5, 9 ಅಥವಾ 20 ವೋಲ್ಟಿಗೆ ಏರಬೇಕಾದ್ದರಿಂದ ಸ್ವಲ್ಪ ಭಾಗ ಶಾಖವಾಗಿ ಹೋಗುತ್ತದೆ. ಒಳ್ಳೆಯ ಪವರ್ ಬ್ಯಾಂಕಿನಲ್ಲಿ ನೂರಕ್ಕೆ 85ರಷ್ಟು ಕೈಗೆ ಸಿಕ್ಕಿತೆಂದು ಇಟ್ಟುಕೊಂಡರೂ ಉಳಿಯುವುದು ಸುಮಾರು 63. ಪ್ರಾಮಾಣಿಕ ಕಂಪನಿಗಳು ಸಣ್ಣ ಅಕ್ಷರದಲ್ಲಿ "ರೇಟೆಡ್ ಕೆಪಾಸಿಟಿ" ಎಂದು ಹನ್ನೆರಡು ಸಾವಿರ ಚಿಲ್ಲರೆಯ ಇನ್ನೊಂದು ಅಂಕಿಯನ್ನು ಮುದ್ರಿಸುತ್ತವೆ. ಅದು ಮೋಸವಲ್ಲ, 5 ವೋಲ್ಟಿನಲ್ಲಿ ನಿಜವಾಗಿ ಸಿಗುವ ಪ್ರಮಾಣ. ಆ ಸಾಲೇ ಇಲ್ಲದ ಪವರ್ ಬ್ಯಾಂಕನ್ನು ನಾನಂತೂ ಕೊಳ್ಳುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿಗೆ ಇದನ್ನು ಅನ್ವಯಿಸಿ ನೋಡೋಣ. ಲ್ಯಾಪ್‌ಟಾಪ್ ತನ್ನ ಬ್ಯಾಟರಿಗೆ ತುಂಬಿಕೊಳ್ಳುವಾಗಲೂ ಒಂದಿಷ್ಟು ನಷ್ಟವಾಗುವುದರಿಂದ, 20,000ದ ಪವರ್ ಬ್ಯಾಂಕು ಅದನ್ನು ಹೆಚ್ಚುಕಡಿಮೆ ಒಮ್ಮೆ ತುಂಬಿಸಿ ತಾನು ಬರಿದಾಗುತ್ತದೆ. 27,000ದ್ದಾದರೆ ಸುಮಾರು 100 ವ್ಯಾಟ್-ಅವರ್. ಅದರಲ್ಲಿ 85 ಹೊರಬರುತ್ತದೆ ಎಂದುಕೊಂಡರೆ ಲ್ಯಾಪ್‌ಟಾಪನ್ನು ಒಮ್ಮೆ ತುಂಬಿಸಿದ ಮೇಲೂ ಒಂದು ಫೋನಿಗೆ ಆಗುವಷ್ಟು ಉಳಿಯುತ್ತದೆ.

ಇನ್ನು ಆ 50,000ದ ವಿಷಯ. ಈಗ ಪವರ್ ಬ್ಯಾಂಕುಗಳಲ್ಲಿ ಬಳಕೆಯಲ್ಲಿರುವ 21700 ಎಂಬ ಉರುಟು ಸೆಲ್ ಒಂದಕ್ಕೆ ಸುಮಾರು 5,000 ಎಂಎಎಚ್ ಸಾಮರ್ಥ್ಯ, 70 ಗ್ರಾಂ ತೂಕ. 50,000 ಆಗಬೇಕಾದರೆ ಅಂಥ ಹತ್ತು ಸೆಲ್ ಬೇಕು. ಹೊರಕವಚ, ಸರ್ಕ್ಯೂಟ್ ಬೋರ್ಡುಗಳನ್ನು ಸೇರಿಸುವ ಮೊದಲೇ 700 ಗ್ರಾಂ ಆಯಿತು. ನೀವು ನೋಡಿದ ಪವರ್ ಬ್ಯಾಂಕಿನ ವಿವರದಲ್ಲಿ ತೂಕ ಎಷ್ಟಿದೆ ನೋಡಿ. ನಾನೂರು ಗ್ರಾಂ ಎಂದಿದ್ದರೆ ಒಳಗಿರುವುದು 50,000 ಅಲ್ಲ, ಅದಕ್ಕಿಂತ ಹೆಚ್ಚಿನ ಪರೀಕ್ಷೆಯೂ ಬೇಕಿಲ್ಲ. ಕಿಸೆಯಲ್ಲಿ ಹಿಡಿಯುವ 20,000ದ್ದಕ್ಕೂ ಇದೇ ಲೆಕ್ಕ ಹಾಕಬಹುದು: ಸೆಲ್‌ಗಳೇ 280 ಗ್ರಾಂ ಇರುವಾಗ ಇಡೀ ಪವರ್ ಬ್ಯಾಂಕು 200 ಗ್ರಾಂ ಇರುವುದು ಹೇಗೆ?

ಸಾಮರ್ಥ್ಯದ ಜೊತೆಗೆ ವ್ಯಾಟೇಜನ್ನೂ ನೋಡಬೇಕು. 20 ವೋಲ್ಟ್ ಗುಣಿಸು 3.25 ಆಂಪಿಯರ್ ಎಂದರೆ 65 ವ್ಯಾಟ್. ಪವರ್ ಬ್ಯಾಂಕಿನ ಟೈಪ್-ಸಿ ಕಿಂಡಿಯ ಪಕ್ಕದಲ್ಲಿ ಅಥವಾ ತಳದಲ್ಲಿ "ಪಿಡಿ 65 ವ್ಯಾಟ್" (ಪಿಡಿ ಎಂದರೆ ಪವರ್ ಡೆಲಿವರಿ, ಟೈಪ್-ಸಿಯ ವೇಗದ ಚಾರ್ಜಿಂಗ್ ಕ್ರಮ) ಎಂದೂ, ಔಟ್‌ಪುಟ್ ಸಾಲಿನಲ್ಲಿ 20 ವೋಲ್ಟ್ ಎಂದೂ ಇರಬೇಕು. 22.5 ವ್ಯಾಟಿನವು ಅಂಗಡಿಗಳಲ್ಲಿ ರಾಶಿರಾಶಿಯಾಗಿವೆ. ಅವು ಫೋನಿಗೆ ಉತ್ತಮ, ಆದರೆ ನಿಮ್ಮ ಲ್ಯಾಪ್‌ಟಾಪ್ ಅವನ್ನು ಚಾರ್ಜರ್ ಎಂದೇ ಒಪ್ಪಿಕೊಳ್ಳದೆ ಹೋಗಬಹುದು. ಎರಡು ಕಿಂಡಿಗಳನ್ನು ಒಟ್ಟಿಗೆ ಬಳಸಿದಾಗ 65 ಎಂಬುದು 45ಕ್ಕೆ ಇಳಿಯುವ ಮಾದರಿಗಳೇ ಹೆಚ್ಚು, ಹಾಗಾಗಿ ಆ ವಿವರವನ್ನೂ ಓದಿಕೊಳ್ಳಿ. ಕೇಬಲ್ ಕೂಡ ಅಷ್ಟೇ ಮುಖ್ಯ: ಸಾಮಾನ್ಯ ಟೈಪ್-ಸಿ ಕೇಬಲ್ 3 ಆಂಪಿಯರ್‌ನದು, ಅಂದರೆ 60 ವ್ಯಾಟಿಗೆ ಮಿತಿ. 65 ಪೂರ್ತಿ ಬೇಕೆಂದರೆ ಒಳಗೆ ಗುರುತಿನ ಚಿಪ್ ಇರುವ 5 ಆಂಪಿಯರ್‌ನ ಕೇಬಲ್ ತೆಗೆದುಕೊಳ್ಳಬೇಕು. 60 ಸಿಕ್ಕರೂ ನಿಮ್ಮ ಕೆಲಸವೇನೂ ನಿಲ್ಲುವುದಿಲ್ಲವೆನ್ನಿ.

ಉತ್ತರ 2: ಕುಡ್ಲ ಟು ದುಬೈ

ಸುಬ್ಬ ಅವರು ವಿದ್ಯುತ್ತಿನ ಲೆಕ್ಕವನ್ನು ಹೇಳಿದ್ದಾರೆ. ವಿಮಾನದ ನಿಯಮಗಳನ್ನು ನಾನು ಸೇರಿಸುತ್ತೇನೆ, ಏಕೆಂದರೆ ಪ್ರಶ್ನೆ ಕೇಳಿದವರಿಗೆ ಕೊನೆಗೆ ಮಿತಿ ಹಾಕುವುದು ಅದೇ.

ಪವರ್ ಬ್ಯಾಂಕನ್ನು ಚೆಕ್-ಇನ್ ಬ್ಯಾಗೇಜಿನಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲಿಯೇ ಒಯ್ಯಬೇಕು. 100 ವ್ಯಾಟ್-ಅವರ್ ವರೆಗಿನದಕ್ಕೆ ವಿಶೇಷ ಅನುಮತಿ ಬೇಕಿಲ್ಲ. 100ರಿಂದ 160ರ ನಡುವಿನದಕ್ಕೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು. 160 ಮೀರಿದ್ದನ್ನು ಪ್ರಯಾಣಿಕರು ತರುವಂತೆಯೇ ಇಲ್ಲ. ಮಾರುಕಟ್ಟೆಯಲ್ಲಿ 26,800 ಮತ್ತು 27,000 ಎಂಬ ವಿಚಿತ್ರ ಅಂಕಿಗಳು ಕಾಣಿಸುವುದಕ್ಕೆ ಈ ಮಿತಿಯೇ ಕಾರಣ; 27,000ವನ್ನು 3.7ರಿಂದ ಗುಣಿಸಿದರೆ 99.9 ಬರುತ್ತದೆ. 30,000ದ್ದು 111 ಆಗಿ ಒಪ್ಪಿಗೆ ಕೇಳುವ ಸಾಲಿಗೆ ಹೋಗುತ್ತದೆ. 50,000 ಎಂದು ಬರೆದದ್ದು 185 ಆಗುತ್ತದೆ. ಒಳಗೆ ಅಷ್ಟು ಇಲ್ಲದಿದ್ದರೂ ಭದ್ರತಾ ತಪಾಸಣೆಯಲ್ಲಿ ನೋಡುವುದು ಮೈಮೇಲೆ ಬರೆದಿರುವುದನ್ನೇ. ಸುಳ್ಳು ಅಂಕಿಗೆ ದುಡ್ಡು ಕೊಟ್ಟು, ಅದೇ ಸುಳ್ಳಿನ ಕಾರಣಕ್ಕೆ ಪವರ್ ಬ್ಯಾಂಕನ್ನೂ ಕಳೆದುಕೊಂಡಂತಾಯಿತು!

ಬರಹ ಅಳಿಸಿಹೋದ ಹಳೆಯ ಪವರ್ ಬ್ಯಾಂಕುಗಳಿಗೂ ಇದೇ ತೊಂದರೆ. ಆದ್ದರಿಂದ ವ್ಯಾಟ್-ಅವರ್ ಅಂಕಿ ಅಂಟುಚೀಟಿಯ ಮೇಲಿರುವುದಕ್ಕಿಂತ ಕವಚದ ಮೇಲೆಯೇ ಕೊರೆದಿರುವ ಮಾದರಿ ಮೇಲು.

2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಏರ್ ಬುಸಾನ್ ವಿಮಾನವೊಂದು ಹೊರಡುವ ಮುನ್ನವೇ ಹೊತ್ತಿ ಉರಿಯಿತು. ಒಳಗಿದ್ದವರೆಲ್ಲ ಪಾರಾದರು. ತಲೆಯ ಮೇಲಿನ ಸಾಮಾನಿನ ಕಪಾಟಿನಲ್ಲಿದ್ದ ಪವರ್ ಬ್ಯಾಂಕು ಕಾರಣವಾಗಿರಬಹುದೆಂದು ತನಿಖೆ ನಡೆಸಿದವರು ಹೇಳಿದರು. ಅಲ್ಲಿಂದೀಚೆಗೆ ನಿಯಮಗಳು ಒಂದೊಂದಾಗಿ ಬಿಗಿಯಾಗಿವೆ. ಆ ವರ್ಷದ ಏಪ್ರಿಲ್ 1ರಿಂದ ಸಿಂಗಪುರ್ ಏರ್‌ಲೈನ್ಸ್ ವಿಮಾನದೊಳಗೆ ಪವರ್ ಬ್ಯಾಂಕಿನಿಂದ ಚಾರ್ಜ್ ಮಾಡುವುದನ್ನು ನಿಲ್ಲಿಸಿತು. ಅಕ್ಟೋಬರ್ 1ರಿಂದ ಎಮಿರೇಟ್ಸ್ ಕೂಡ ಬಳಕೆಯನ್ನು ನಿಷೇಧಿಸಿ, ಒಬ್ಬರಿಗೆ 100 ವ್ಯಾಟ್-ಅವರ್‌ಗಿಂತ ಕಡಿಮೆಯ ಒಂದೇ ಒಂದು ಎಂದು ಗೊತ್ತುಮಾಡಿತು. ಅದನ್ನೂ ಆಸನದ ಮುಂದಿನ ಜೇಬಿನಲ್ಲಿ ಅಥವಾ ಆಸನದ ಕೆಳಗೆ ಇಟ್ಟುಕೊಳ್ಳಬೇಕು. ಒಂದೊಂದು ಸಂಸ್ಥೆಯದು ಒಂದೊಂದು ನಿಯಮವಾಗಿರುವುದರಿಂದ ಟಿಕೆಟ್ ಮಾಡಿಸಿದ ಮೇಲೆ ಆಯಾ ಸಂಸ್ಥೆಯ ಜಾಲತಾಣವನ್ನು ಒಮ್ಮೆ ನೋಡಿಕೊಳ್ಳುವುದು ಲೇಸು. ವಿಮಾನದಲ್ಲಿ ಕುಳಿತು ಲ್ಯಾಪ್‌ಟಾಪಿಗೆ ಚಾರ್ಜ್ ಮಾಡಿಕೊಳ್ಳುತ್ತೇನೆ ಎಂಬ ಎಣಿಕೆಯಿಂದ ಮಾತ್ರ ದೊಡ್ಡದನ್ನು ಕೊಳ್ಳಬೇಡಿ.

ಉತ್ತರ 3: ತುಂಗಭದ್ರೆಯ ದಡ

ನಾನು 27,000ದ ಪರವಾಗಿಲ್ಲ. ಅಷ್ಟು ಸಾಮರ್ಥ್ಯದವು ಅರ್ಧ ಕಿಲೋಗ್ರಾಂನ ಆಸುಪಾಸು ತೂಗುತ್ತವೆ, ನೀವು ಅದನ್ನು ಹೊತ್ತುಕೊಂಡು ತೋಟ, ಗುಡ್ಡ ಹತ್ತಬೇಕಾದವರು. ಸಂಜೆಯ ಕೆಲಸಕ್ಕೆ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಸೊನ್ನೆಯಿಂದ ನೂರಕ್ಕೆ ಏರಿಸಬೇಕಾದ ಅಗತ್ಯವೂ ಇಲ್ಲ. ಪರದೆಯ ಬೆಳಕನ್ನು ತಗ್ಗಿಸಿ ಬರೀ ಮಾಹಿತಿ ತುಂಬಿಸುವಾಗ ಲ್ಯಾಪ್‌ಟಾಪ್ ಎಳೆಯುವುದು ಹತ್ತು ಹದಿನೈದು ವ್ಯಾಟ್ ಮಾತ್ರ. 20,000ದ್ದರಲ್ಲಿ ಕೈಗೆ ಸಿಗುವ 63 ವ್ಯಾಟ್-ಅವರ್ ಎಂದರೆ ನಾಲ್ಕು ಗಂಟೆಗೂ ಮೀರಿದ ಕೆಲಸ, ಅದೂ ಲ್ಯಾಪ್‌ಟಾಪಿನ ಸ್ವಂತ ಬ್ಯಾಟರಿಯನ್ನು ಮುಟ್ಟದೆ.

ನಿಮ್ಮಂಥವರಿಗೆ ಅದಕ್ಕಿಂತ ಮುಖ್ಯವಾದದ್ದು ಇನ್‌ಪುಟ್, ಅಂದರೆ ಪವರ್ ಬ್ಯಾಂಕು ತಾನು ಎಷ್ಟು ಬೇಗ ತುಂಬಿಕೊಳ್ಳುತ್ತದೆ ಎಂಬುದು. ಕೊಳ್ಳುವವರಲ್ಲಿ ಹತ್ತಕ್ಕೆ ಒಂಬತ್ತು ಜನ ಈ ಸಾಲನ್ನು ಓದುವುದೇ ಇಲ್ಲ. ಇನ್‌ಪುಟ್ 18 ವ್ಯಾಟ್ ಇದ್ದರೆ 20,000ದ್ದು ತುಂಬಲು ಐದು ಗಂಟೆ ಹಿಡಿಯುತ್ತದೆ. ಇನ್‌ಪುಟ್ಟೂ 65 ವ್ಯಾಟ್ ಇದ್ದು, ನಿಮ್ಮ ಲ್ಯಾಪ್‌ಟಾಪ್ ಚಾರ್ಜರನ್ನೇ ಅದಕ್ಕೆ ಸಿಕ್ಕಿಸಿದರೆ ಎರಡು ಗಂಟೆಯೊಳಗೆ ಮುಗಿಯುತ್ತದೆ. ಕರೆಂಟು ಎರಡು ತಾಸು ಬಂದು ಹೋಗುವ ಊರಿನಲ್ಲಿ ಈ ವ್ಯತ್ಯಾಸವೇ ಎಲ್ಲ. ರಾತ್ರಿ ರೈಲಿನಲ್ಲಿ ತುಂಬಿಸಿಕೊಳ್ಳುತ್ತೇನೆ ಎಂದೂ ನೆಚ್ಚಿಕೊಳ್ಳಬೇಡಿ. ಬೆಂಕಿಯ ಭಯದಿಂದ 2021ರಲ್ಲಿ ಪಶ್ಚಿಮ ರೈಲ್ವೆ ರಾತ್ರಿ 11ರಿಂದ ಬೆಳಿಗ್ಗೆ 5ರವರೆಗೆ ಬೋಗಿಗಳ ಚಾರ್ಜಿಂಗ್ ಪಾಯಿಂಟುಗಳನ್ನು ಆರಿಸಿಡುವ ಕ್ರಮವನ್ನು ತಂದಿತ್ತು.

ಬೇಸಿಗೆಯ ವಿಷಯವನ್ನು ಈ ಕಡೆಯವನಾಗಿ ಒತ್ತಿ ಹೇಳುತ್ತೇನೆ. ಲಿಥಿಯಂ ಸೆಲ್‌ಗಳನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಹೇಳುವ ಮೇಲಿನ ಮಿತಿ 45 ಡಿಗ್ರಿ ಸೆಲ್ಸಿಯಸ್. ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಜೀಪಿನ ಒಳಗೆ ಆ ಮಿತಿ ಎಂದೋ ದಾಟಿರುತ್ತದೆ. ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟು ಊಟಕ್ಕೆ ಹೋಗಬೇಡಿ. ಚೀಲದಲ್ಲಿ ಬಟ್ಟೆಗಳ ನಡುವೆ ಹುದುಗಿಸಿ ಚಾರ್ಜ್ ಮಾಡುವುದೂ ಕೂಡದು. ಕವಚ ಉಬ್ಬಿದ್ದು ಕಂಡರೆ, ಮೇಜಿನ ಮೇಲೆ ಇಟ್ಟಾಗ ಮೊದಲಿನಂತೆ ಸಪಾಟಾಗಿ ಕೂರದೆ ಅಲ್ಲಾಡಿದರೆ, ಅಂದಿಗೇ ಅದರ ಬಳಕೆ ನಿಲ್ಲಿಸಿ ಇ-ತ್ಯಾಜ್ಯ ಪಡೆಯುವ ಕಡೆಗೆ ಕೊಡಿ, ಮನೆಯ ಕಸದ ಬುಟ್ಟಿಗೆ ಹಾಕಬೇಡಿ.

ಕೊಳ್ಳುವಾಗ ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ನೋಂದಣಿ ಸಂಖ್ಯೆಯನ್ನು ನೋಡಿ. ಭಾರತದಲ್ಲಿ ಮಾರುವ ಪವರ್ ಬ್ಯಾಂಕಿಗೆ ಅದು ಕಡ್ಡಾಯ. ಆರ್ ಅಕ್ಷರದಿಂದ ಶುರುವಾಗಿ ಎಂಟು ಅಂಕಿಗಳಿರುತ್ತವೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾವ ತಯಾರಕರ ಹೆಸರಿಗೆ ನೋಂದಣಿಯಾಗಿದೆ ಎಂಬುದು ತಿಳಿಯುತ್ತದೆ. ಹೆಸರಾಂತ ಕಂಪನಿಯೆಂದ ಮಾತ್ರಕ್ಕೆ ನಿಶ್ಚಿಂತೆಯಿಂದಿರುವಂತಿಲ್ಲ. 2025ರ ಜೂನ್‌ನಲ್ಲಿ ಆಂಕರ್ ಸಂಸ್ಥೆ ತನ್ನ ಎ1263 ಎಂಬ 10,000 ಎಂಎಎಚ್ ಮಾದರಿಯ ಹತ್ತು ಲಕ್ಷಕ್ಕೂ ಹೆಚ್ಚು ಪವರ್ ಬ್ಯಾಂಕುಗಳನ್ನು ಬೆಂಕಿಯ ಅಪಾಯದ ಕಾರಣ ಅಮೆರಿಕದಲ್ಲಿ ಹಿಂದಕ್ಕೆ ಕರೆಸಿಕೊಂಡಿತು. ಹೆಸರುಳ್ಳವರಾದ್ದರಿಂದ ಕನಿಷ್ಠ ಕರೆಸಿಕೊಂಡರು ಎನ್ನುವುದೂ ನಿಜವೇ. ಬಿಲ್ಲನ್ನೂ ಮಾದರಿ ಸಂಖ್ಯೆಯನ್ನೂ ಜೋಪಾನವಾಗಿಡಿ.

ಪ್ರಶ್ನೆ ಕೇಳಿದವರು: ಬನವಾಸಿ ದಾರಿ

ಮೂವರಿಗೂ ಕೃತಜ್ಞತೆಗಳು. ಆ 50,000ದ ಪವರ್ ಬ್ಯಾಂಕಿನ ವಿವರ ತೆಗೆದು ನೋಡಿದೆ: ತೂಕ 380 ಗ್ರಾಂ ಎಂದಿದೆ, ರೇಟೆಡ್ ಕೆಪಾಸಿಟಿಯ ಸಾಲು ಇಲ್ಲ. ಅದನ್ನು ಕೈಬಿಟ್ಟೆ. ಹೆಗಲ ಮೇಲಿನ ಭಾರವನ್ನು ನೆನೆದರೆ ತುಂಗಭದ್ರೆಯ ದಡದವರ ಮಾತೇ ಸರಿಯೆನಿಸುತ್ತದೆ. ಒಳಬರುವುದೂ ಹೊರಹೋಗುವುದೂ 65 ವ್ಯಾಟ್ ಇರುವ 20,000ದ್ದನ್ನು ಹುಡುಕುತ್ತೇನೆ. ಉಳಿದಿರುವುದು ಒಂದೇ ಪ್ರಶ್ನೆ. ಸಹೋದ್ಯೋಗಿಯ ಪವರ್ ಬ್ಯಾಂಕಿಗೆ ನನ್ನ ಜಿಪಿಎಸ್ ರಿಸೀವರನ್ನು ಸಿಕ್ಕಿಸಿದರೆ ಅರ್ಧ ನಿಮಿಷದಲ್ಲಿ ತಾನಾಗಿಯೇ ಆರಿಹೋಗುತ್ತದೆ. ಅದೇ ಪವರ್ ಬ್ಯಾಂಕು ಫೋನಿಗೆ ಸರಿಯಾಗಿ ಕೆಲಸ ಮಾಡುತ್ತದೆ. ದೋಷ ಯಾವುದರಲ್ಲಿ?

ಉತ್ತರ 4: ಸರ್ಕ್ಯೂಟ್ ಸುಬ್ಬ

ಎರಡರಲ್ಲಿಯೂ ದೋಷವಿಲ್ಲ. ರಿಸೀವರ್ ಎಳೆಯುವ ಕರೆಂಟು ತೀರ ಕಡಿಮೆ. ಒಂದು ಮಿತಿಗಿಂತ ಕೆಳಗಿಳಿದರೆ ಪವರ್ ಬ್ಯಾಂಕು ಏನನ್ನೂ ಸಿಕ್ಕಿಸಿಲ್ಲವೆಂದು ತಿಳಿದು, ಚಾರ್ಜ್ ಉಳಿಸಲೆಂದು ತನ್ನನ್ನು ಆರಿಸಿಕೊಳ್ಳುತ್ತದೆ. ಇಯರ್‌ಫೋನ್ ಪೆಟ್ಟಿಗೆ, ಸ್ಮಾರ್ಟ್ ವಾಚ್, ತಲೆಗೆ ಕಟ್ಟುವ ಲೈಟು ಇವುಗಳಿಗೂ ಹೀಗೆಯೇ ಆಗುವುದುಂಟು. ಇದಕ್ಕಾಗಿ ಅನೇಕ ಮಾದರಿಗಳಲ್ಲಿ ಕಡಿಮೆ ಕರೆಂಟಿನ ಮೋಡ್ ಒಂದಿರುತ್ತದೆ. ಕೆಲವದರಲ್ಲಿ ಗುಂಡಿಯನ್ನು ಎರಡು ಸಲ ಬೇಗಬೇಗನೆ ಒತ್ತಬೇಕು, ಕೆಲವದರಲ್ಲಿ ಎರಡು ಸೆಕೆಂಡು ಒತ್ತಿ ಹಿಡಿಯಬೇಕು. ಬೇರೆ ಬಣ್ಣದ ದೀಪ ಹೊತ್ತಿಕೊಂಡರೆ ಮೋಡ್ ಬಂತೆಂದು ಅರ್ಥ. ಸಹೋದ್ಯೋಗಿಯದರಲ್ಲಿ ಅದು ಇದೆಯೇ ಎಂದು ಕೈಪಿಡಿ ನೋಡಿ. ನೀವು ಕೊಳ್ಳುವುದರಲ್ಲಂತೂ ಇರಲೇಬೇಕು. ಸಾಧ್ಯವಾದರೆ ರಿಸೀವರನ್ನೂ ಕೇಬಲನ್ನೂ ಅಂಗಡಿಗೇ ಒಯ್ದು, ಸಿಕ್ಕಿಸಿ, ಐದು ನಿಮಿಷ ಅಲ್ಲಿಯೇ ನಿಂತು ನೋಡಿ. ಹಾಗೆಯೇ ಲ್ಯಾಪ್‌ಟಾಪನ್ನೂ ಒಮ್ಮೆ ಜೋಡಿಸಿ ನೋಡಿ, ಏಕೆಂದರೆ ಎರಡು ಕಡೆಯೂ ಟೈಪ್-ಸಿ ಇರುವಾಗ ಒಮ್ಮೊಮ್ಮೆ ಲ್ಯಾಪ್‌ಟಾಪೇ ಪವರ್ ಬ್ಯಾಂಕಿಗೆ ಚಾರ್ಜ್ ಕೊಡತೊಡಗುತ್ತದೆ. ಆಗ ಕೇಬಲ್ ತೆಗೆದು, ಪವರ್ ಬ್ಯಾಂಕಿನ ಗುಂಡಿ ಒತ್ತಿ ಅದನ್ನು ಮೊದಲು ಎಚ್ಚರಿಸಿ, ಮತ್ತೆ ಸಿಕ್ಕಿಸಿದರೆ ಸಾಮಾನ್ಯವಾಗಿ ದಿಕ್ಕು ಸರಿಹೋಗುತ್ತದೆ.