ಅಪ್‌ಡೇಟ್: ಬೆಳಕಿದ್ದಾಗ ದನಿ ಅದುಮುತ್ತಿದ್ದ ಕಂಪ್ರೆಸರ್ ಸರಿಹೋಯ್ತು

ಎಲ್ಲರಿಗೂ ನಮಸ್ಕಾರ, ಚಿಕ್ಕಬಳ್ಳಾಪುರದಿಂದ. ಭಜನೆ ಮೈಕಿಗಾಗಿ ಎಲ್‌ಇಡಿ, ಎಲ್‌ಡಿಆರ್ (ಬೆಳಕು ಬಿದ್ದರೆ ರೆಸಿಸ್ಟೆನ್ಸ್ ಇಳಿಯುವ ಬಿಡಿಭಾಗ) ಜೋಡಿಸಿ ಮನೆಯಲ್ಲೇ ಕಟ್ಟಿದ ಕಂಪ್ರೆಸರ್ (ಜೋರು ದನಿಯನ್ನು ತಗ್ಗಿಸುವ ಸರ್ಕ್ಯೂಟ್) ಹಗಲಲ್ಲಿ ಸಣ್ಣ ದನಿಯನ್ನೂ ಅದುಮುತ್ತೆ, ಲೈಟ್ ಆರಿಸಿದರೆ ಸರಿಯಾಗುತ್ತೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು!

ಟಿಎಲ್072 (ಸಿಗ್ನಲ್ ವರ್ಧಿಸುವ) ಐಸಿ ಬದಲಿಸಿದ್ದರಿಂದ ಏನೂ ಆಗಲಿಲ್ಲ. ಸಪ್ಲೈಗೆ ದೊಡ್ಡ ಕೆಪಾಸಿಟರ್ ಹಾಕಿದ ಮೇಲೆ ಗುಂಯ್ ಸದ್ದು ಕಡಿಮೆಯಾಯ್ತು, ಅಷ್ಟೇ. "ಎಲ್‌ಡಿಆರ್ ಮೇಲೆ ಹೊರಗಿನ ಬೆಳಕು ಬೀಳ್ತಿದೆಯಾ ನೋಡಿ" ಅಂದವರ ಮಾತೇ ನಿಜವಾಯ್ತು, ಅವರಿಗೆ ತುಂಬಾ ಧನ್ಯವಾದ. ಎಲ್‌ಇಡಿ ಆಫ್ ಇಟ್ಟು ಎಲ್‌ಡಿಆರ್ ರೆಸಿಸ್ಟೆನ್ಸ್ ಅಳೆದರೆ ಸುಮಾರು 40 ಕಿಲೋ ಓಮ್. ನಾನು ಹಾಕಿರುವ ಜಿಎಲ್5528 ಮಾದರಿಯ ಎಲ್‌ಡಿಆರ್‌ಗೆ ಕತ್ತಲಲ್ಲಿ 1 ಮೆಗಾ ಓಮ್ ಆದರೂ ಇರಬೇಕು. ಮೇಲಿದ್ದ ಕೆಂಪು ಸ್ಲೀವ್ ಮೂಲಕವೇ ಬೆಳಕು ಒಳಗೆ ನುಗ್ಗುತ್ತಿತ್ತು. ಅದನ್ನು ತೆಗೆದು ಕಪ್ಪು ಹೀಟ್‌ಶ್ರಿಂಕ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಎರಡು ಪದರ ಹಾಕಿ, ತುದಿಗಳಿಗೆ ಕಪ್ಪು ಟೇಪ್ ಸುತ್ತಿದೆ.

ನನಗೆ ಹೊಸದೆನಿಸಿದ್ದು ಇದು: ಮುಚ್ಚಿದ ತಕ್ಷಣ ರೆಸಿಸ್ಟೆನ್ಸ್ ಪೂರ್ತಿ ಏರಲ್ಲ. ಜೋರು ಬೆಳಕು ಕಂಡಿದ್ದ ಎಲ್‌ಡಿಆರ್ ಮೊದಲಿನ ಸ್ಥಿತಿಗೆ ಬರೋಕೆ ತುಂಬ ಹೊತ್ತು ಹಿಡಿಯುತ್ತೆ. ಹಾಗಾಗಿ ರಿಪೇರಿ ಫಲಿಸಲಿಲ್ಲ ಅಂತ ಬೇಗ ಕೈಬಿಡಬೇಡಿ, ಒಂದು ರಾತ್ರಿ ಕತ್ತಲಲ್ಲಿಟ್ಟು ಆಮೇಲೆ ಅಳೆಯಿರಿ.