ವೇರಿಕೋಸೀಲ್ ಬಂದಿರುವುದಕ್ಕೆ ನನ್ನ ಅಭ್ಯಾಸಗಳೇ ಕಾರಣವೇ?

ಪ್ರಶ್ನೆ:
ನನಗೆ 32 ವರ್ಷ. ಮದುವೆಯಾಗಿ ಎರಡು ವರ್ಷವಾದರೂ ಮಕ್ಕಳಾಗದ ಕಾರಣ ನಾವಿಬ್ಬರೂ ತಪಾಸಣೆ ಮಾಡಿಸಿಕೊಂಡಾಗ, ನನ್ನ ಎಡ ವೃಷಣದ ಮೇಲೆ ಎರಡನೇ ಹಂತದ ವೇರಿಕೋಸೀಲ್ (ರಕ್ತನಾಳಗಳ ಉಬ್ಬು) ಇದೆಯೆಂದೂ ವೀರ್ಯಾಣುಗಳ ಸಂಖ್ಯೆ ಕಡಿಮೆಯಿದೆಯೆಂದೂ ತಿಳಿಯಿತು. ನಾನು ಸಿಗರೇಟು ಸೇದುತ್ತೇನೆ, ಜಿಮ್‌ನಲ್ಲಿ ಭಾರ ಎತ್ತುತ್ತೇನೆ, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡೇ ಕೆಲಸ ಮಾಡುತ್ತೇನೆ. ಇವುಗಳಲ್ಲಿ ಯಾವುದರಿಂದ ಇದು ಬಂದಿತು? ಎಲ್ಲವನ್ನೂ ಬಿಟ್ಟರೆ ತಾನಾಗಿಯೇ ಹೋಗುತ್ತದೆಯೇ?

ಉತ್ತರ 1:
ಮೊದಲು ನಿಮ್ಮನ್ನು ನೀವೇ ದೂಷಿಸಿಕೊಳ್ಳುವುದನ್ನು ನಿಲ್ಲಿಸಿ. ಇದರ ಮೂಲ ಬಹುಮಟ್ಟಿಗೆ ದೇಹದ ರಚನೆಯಲ್ಲಿಯೇ ಇದೆ. ವೃಷಣದಿಂದ ಅಶುದ್ಧ ರಕ್ತವನ್ನು ಮೇಲಕ್ಕೊಯ್ಯುವ ನಾಳಗಳಲ್ಲಿರುವ ಕವಾಟಗಳು ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ರಕ್ತ ಹಿಂದಕ್ಕೆ ಹರಿದು, ಅಲ್ಲೇ ನಿಂತು, ನಾಳಗಳು ಉಬ್ಬುತ್ತವೆ. ಬಲಭಾಗದ ನಾಳವು ದೊಡ್ಡ ರಕ್ತನಾಳವನ್ನೇ ಓರೆಯಾಗಿ ಸೇರಿದರೆ, ಅದಕ್ಕಿಂತ ಉದ್ದವಾದ ಎಡಭಾಗದ ನಾಳವು ಎಡ ಮೂತ್ರಪಿಂಡದ ನಾಳವನ್ನು ಲಂಬಕೋನದಲ್ಲಿ ಸೇರುವುದರಿಂದ ಅಲ್ಲಿ ಒತ್ತಡ ಹೆಚ್ಚು. ಆದ್ದರಿಂದಲೇ ಈ ತೊಂದರೆ ಬಹುತೇಕ ಎಡಗಡೆಯೇ ಕಾಣಿಸುತ್ತದೆ. ಸುಮಾರು ಶೇ. 15ರಷ್ಟು ಗಂಡಸರಲ್ಲಿ ಇದು ಇರುತ್ತದೆ. ಹೆಚ್ಚಾಗಿ ಹರೆಯದಲ್ಲೇ ಶುರುವಾಗುತ್ತದೆ, ಹಲವರಿಗೆ ಮಕ್ಕಳೂ ಆಗಿರುತ್ತವೆ. ಆದರೆ ಬಲಗಡೆ ಮಾತ್ರ ಹಠಾತ್ತನೆ ಕಾಣಿಸಿಕೊಂಡರೆ, ಅಥವಾ ಮಲಗಿದಾಗಲೂ ಉಬ್ಬು ಇಳಿಯದಿದ್ದರೆ, ಹೊಟ್ಟೆಯ ಸ್ಕ್ಯಾನ್ ಮಾಡಿಸುವುದು ಅಗತ್ಯ.

ಉತ್ತರ 2:
ಮೇಲಿನ ಮಾತು ನಿಜ, ಆದರೆ ಅಭ್ಯಾಸಗಳಿಗೆ ಪಾತ್ರವೇ ಇಲ್ಲವೆಂದುಕೊಳ್ಳಬೇಡಿ. ವೃಷಣಗಳು ದೇಹಕ್ಕಿಂತ ಎರಡು ಮೂರು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳ ಉತ್ಪತ್ತಿ ಸರಿಯಾಗಿ ನಡೆಯುತ್ತದೆ. ಉಬ್ಬಿದ ನಾಳಗಳು ಆ ತಂಪನ್ನು ಕೆಡಿಸುತ್ತವೆ. ತೊಡೆಯ ಮೇಲಿನ ಲ್ಯಾಪ್‌ಟಾಪ್ ಅದಕ್ಕೆ ಇನ್ನಷ್ಟು ಬಿಸಿ ಸೇರಿಸುತ್ತದೆ. ಸಿಗರೇಟು ಸೇದುವವರಲ್ಲಿ ವೀರ್ಯಾಣುಗಳ ಸಂಖ್ಯೆಯೂ ಚಲನೆಯೂ ಕಡಿಮೆಯಿರುವುದು ಕಂಡುಬಂದಿದೆ. ಭಾರ ಎತ್ತುವಾಗ ಹೊಟ್ಟೆಯೊಳಗಿನ ಒತ್ತಡ ಏರಿ ನಾಳಗಳು ಆ ಹೊತ್ತಿಗೆ ಹೆಚ್ಚು ಉಬ್ಬುತ್ತವೆ (ತಪಾಸಣೆಯ ವೇಳೆ ಉಸಿರು ಬಿಗಿಹಿಡಿದು ತಿಣುಕಲು ಹೇಳುವುದೂ ಇದಕ್ಕೇ). ಇವನ್ನೆಲ್ಲ ಬಿಟ್ಟರೆ ವೇರಿಕೋಸೀಲ್ ಮಾಯವಾಗುವುದಿಲ್ಲ, ವೀರ್ಯದ ಗುಣಮಟ್ಟ ಸುಧಾರಿಸಬಹುದು. ಅದಕ್ಕೂ ತಾಳ್ಮೆ ಬೇಕು, ಏಕೆಂದರೆ ಒಂದು ವೀರ್ಯಾಣು ರೂಪುಗೊಳ್ಳಲು ಎರಡೂವರೆ ತಿಂಗಳಷ್ಟು ಸಮಯ ಹಿಡಿಯುತ್ತದೆ. ಅಂದಹಾಗೆ, ಜಿಮ್‌ನಲ್ಲಿ ಯಾವುದಾದರೂ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೀರಾ?

ಉತ್ತರ 3:
ನನಗೆ ಮೂರನೇ ಹಂತದ್ದಿತ್ತು, ಸೂಕ್ಷ್ಮದರ್ಶಕದ ನೆರವಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಮೂರನೇ ತಿಂಗಳ ವರದಿಯಲ್ಲಿ ಅಂತಹ ಬದಲಾವಣೆಯೇನೂ ಕಾಣದೆ ಕುಗ್ಗಿಹೋಗಿದ್ದೆ. ಆರನೇ ತಿಂಗಳಿಗೆ ಸಂಖ್ಯೆ ಏರಿತು. ಎಲ್ಲರಿಗೂ ಹೀಗೆಯೇ ಆಗುತ್ತದೆಂಬ ಭರವಸೆಯಿಲ್ಲ. ಒಂದೇ ವರದಿಯನ್ನು ನಂಬಿ ನಿರ್ಧರಿಸಬೇಡಿ, ಕೆಲವು ವಾರಗಳ ಅಂತರದಲ್ಲಿ ವೀರ್ಯಪರೀಕ್ಷೆಯನ್ನು ಮತ್ತೊಮ್ಮೆ ಮಾಡಿಸಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಧನ್ಯವಾದ. ಇಂಜೆಕ್ಷನ್ ವಿಷಯ ಕೇಳಿದ್ದೀರಿ; ಎಂಟು ತಿಂಗಳಿಂದ ಟೆಸ್ಟೋಸ್ಟೆರಾನ್ ತೆಗೆದುಕೊಳ್ಳುತ್ತಿದ್ದೇನೆ. ಅದು ಗಂಡಸುತನ ಹೆಚ್ಚಿಸುವ ಹಾರ್ಮೋನೆಂದು ಭಾವಿಸಿ ವೈದ್ಯರಿಗೆ ಹೇಳಿರಲಿಲ್ಲ.

ಉತ್ತರ 2:
ಹೊರಗಿನಿಂದ ಆ ಹಾರ್ಮೋನು ಸಿಕ್ಕಾಗ, ವೃಷಣಗಳಿಗೆ ಕೆಲಸ ಮಾಡಿರೆಂದು ಮೆದುಳು ಕಳುಹಿಸುವ ಸೂಚನೆ ನಿಂತುಹೋಗುತ್ತದೆ, ವೀರ್ಯಾಣುಗಳ ಸಂಖ್ಯೆ ಶೂನ್ಯಕ್ಕೂ ಇಳಿಯಬಹುದು. ನಿಮ್ಮ ವರದಿಗೆ ವೇರಿಕೋಸೀಲ್‌ಗಿಂತ ಇದೇ ದೊಡ್ಡ ಕಾರಣವಾಗಿರುವ ಸಾಧ್ಯತೆಯಿದೆ. ಶಸ್ತ್ರಚಿಕಿತ್ಸೆಯ ಮಾತು ಎತ್ತುವ ಮೊದಲು ಯೂರಾಲಜಿಸ್ಟ್‌ಗೆ ಇದನ್ನು ಮುಚ್ಚಿಡದೆ ತಿಳಿಸಿ, ಅವರ ಮೇಲ್ವಿಚಾರಣೆಯಲ್ಲಿಯೇ ನಿಲ್ಲಿಸಿ.