ಅಗ್ಗದ ಮೌಂಟನ್ ಡಲ್ಸಿಮರ್: ನಿಷಾದ ಇಳಿದಿದೆ, ಮೇಲಿನ ಫ್ರೆಟ್‌ಗಳಲ್ಲಿ ಅಪಶ್ರುತಿ

ಪ್ರಶ್ನೆ:
ಹತ್ತು ವರ್ಷಗಳಿಂದ ಗಿಟಾರ್ ನುಡಿಸುತ್ತಿರುವ ನಾನು, ಟೆನೆಸಿಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಹಳೆಯ ಸಾಮಾನಿನ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಕ್ಕ ಮೌಂಟನ್ ಡಲ್ಸಿಮರ್ (ಮಡಿಲಲ್ಲಿಟ್ಟು ನುಡಿಸುವ ಅಮೆರಿಕದ ತಂತಿವಾದ್ಯ) ಒಂದನ್ನು ಕೊಂಡು ಬೆಂಗಳೂರಿಗೆ ತಂದಿದ್ದೇನೆ. ಇದಕ್ಕೆ ನಾಲ್ಕು ತಂತಿಗಳಿದ್ದು, ನನ್ನ ಕಡೆಗಿರುವ ಎರಡು ಜೋಡಿಯಾಗಿವೆ. ತಂತಿಗಳನ್ನು ಡಿ, ಎ, ಡಿ ಸ್ವರಗಳಿಗೆ ಹೊಂದಿಸಿದ ಡಿ-ಎ-ಡಿ ಶ್ರುತಿಯಲ್ಲಿ (ಡಿ ಇಲ್ಲಿ ಷಡ್ಜ) ಜೋಡಿ ತಂತಿಯ ಮೇಲೆ ಧೈವತದವರೆಗೆ ಎಲ್ಲವೂ ಸರಿಯಾಗಿದ್ದು, ನಿಷಾದ ಮಾತ್ರ ಅರ್ಧ ಸ್ವರ ಇಳಿದು ಕೇಳುತ್ತದೆ. ಕಾರ್ಡ್‌ಗಳು (ಒಟ್ಟಿಗೆ ಮಿಡಿಯುವ ಸ್ವರಗುಚ್ಛಗಳು) ಮೇಲಿನ ಫ್ರೆಟ್‌ಗಳಿಗೆ, ಅಂದರೆ ಮೆಟ್ಟಿಲುಗಳಿಗೆ, ಹೋದಂತೆ ಶ್ರುತಿ ಏರಿ ಕರ್ಕಶವಾಗುತ್ತವೆ. ಹನ್ನೆರಡನೆಯ ಫ್ರೆಟ್ ಒತ್ತಿದರೆ ಟ್ಯೂನರ್ ಡಿ ಬದಲು ಬಿ ತೋರಿಸುತ್ತದೆ. ವಾದ್ಯವೇ ಕೆಟ್ಟದ್ದೇ?

ಉತ್ತರ:
ನಿಷಾದದ್ದು ದೋಷವಲ್ಲ. ವೀಣೆಯಲ್ಲೂ ಗಿಟಾರಿನಲ್ಲೂ ಒಂದು ಸ್ಥಾಯಿಗೆ ಹನ್ನೆರಡು ಮೆಟ್ಟಿಲುಗಳಿದ್ದರೆ, ಇದರಲ್ಲಿ ಏಳೇ ಇವೆ. ಆದ್ದರಿಂದ ತಾರ ಷಡ್ಜ ಏಳನೆಯ ಫ್ರೆಟ್‌ನಲ್ಲಿದೆ, ಹನ್ನೆರಡರಲ್ಲಿ ಬಿ ಬರುವುದೇ ಸರಿ. ಆರನೆಯ ಫ್ರೆಟ್‌ನಲ್ಲಿ ಕೈಶಿಕಿ (ಇಳಿದ) ನಿಷಾದವಿರುವುದರಿಂದ ನೀವು ಶಂಕರಾಭರಣ ರಾಗ ಹುಡುಕುತ್ತಿದ್ದಲ್ಲಿ ಹರಿಕಾಂಭೋಜಿ ರಾಗ ಸಿಗುತ್ತಿದೆ. ಈಗಿನ ಬಹುತೇಕ ಡಲ್ಸಿಮರ್‌ಗಳಲ್ಲಿ ಶಂಕರಾಭರಣಕ್ಕೆ ಬೇಕಾದ ಕಾಕಲಿ (ಅರ್ಧ ಸ್ವರ ಮೇಲಿನ) ನಿಷಾದಕ್ಕಾಗಿ ‘ಆರೂವರೆ’ ಎಂಬ ಹೆಚ್ಚುವರಿ ಫ್ರೆಟ್ ಇರುತ್ತದೆ, ನಿಮ್ಮದರಲ್ಲಿ ಅದಿಲ್ಲ. ಜೋಡಿ ತಂತಿಗಳನ್ನು ಎ ಸ್ವರಕ್ಕೆ ಇಳಿಸಿ ಡಿ-ಎ-ಎ ಮಾಡಿದರೆ, ಮೂರನೆಯ ಫ್ರೆಟ್‌ನಿಂದ ಹತ್ತನೆಯದರವರೆಗೆ ಶಂಕರಾಭರಣ ಪೂರ್ತಿ ಸಿಗುತ್ತದೆ. ತಂತಿ ತೀರ ಸಡಿಲವೆನಿಸಿದರೆ ಗಿಟಾರಿನ 0.014 ಅಂಗುಲದ ಸಾದಾ ತಂತಿ ಹಾಕಬಹುದು. ಡಲ್ಸಿಮರಿನ ಬುಡದಲ್ಲಿ ಮೊಳೆಗಳಷ್ಟೇ ಇದ್ದರೆ, ಗಿಟಾರ್ ತಂತಿಯ ತುದಿಯ ಹಿತ್ತಾಳೆ ಗುಂಡನ್ನು ಇಕ್ಕಳದಿಂದ ಒತ್ತಿ ಒಡೆದು ತೆಗೆಯಿರಿ. ಉಳಿಯುವ ಕುಣಿಕೆ ಮೊಳೆಗೆ ಸಿಕ್ಕಿಕೊಳ್ಳುತ್ತದೆ.

ಎರಡನೆಯದು, ಅಂದರೆ ಮೇಲಿನ ಫ್ರೆಟ್‌ಗಳ ಅಪಶ್ರುತಿ, ಕುದುರೆಯ (ಬುಡದ ಕಡೆ ತಂತಿಗಳನ್ನು ಎತ್ತಿ ಹಿಡಿಯುವ ತುಂಡಿನ) ತೊಂದರೆಯಿರಬಹುದು. ಏಳನೆಯ ಫ್ರೆಟ್‌ನ ನೇರಕ್ಕೆ ಬೆರಳನ್ನು ಒತ್ತದೆ ತಂತಿಗೆ ಸೋಕಿಸಿ ಹಾರ್ಮೋನಿಕ್ (ಹಾಗೆ ಮಿಡಿದಾಗ ಬರುವ ತೆಳು ಸ್ವರ) ನುಡಿಸಿ, ಬಳಿಕ ಅದೇ ಫ್ರೆಟ್ ಒತ್ತಿ ನುಡಿಸಿ, ಎರಡನ್ನೂ ಟ್ಯೂನರಿನಲ್ಲಿ ಹೋಲಿಸಿರಿ. ಒತ್ತಿದ ಸ್ವರ ಏರಿದ್ದರೆ ತಂತಿಯ ಉದ್ದ ಸಾಲದು. ಕುದುರೆಯನ್ನು ಅಂಟಿಸಿಲ್ಲವೆಂದು ಖಚಿತಪಡಿಸಿಕೊಂಡು, ತಂತಿಗಳನ್ನು ಸ್ವಲ್ಪ ಸಡಿಲಿಸಿ, ಒಮ್ಮೆಗೆ ಒಂದು ಮಿಲಿಮೀಟರಿನಂತೆ ಅದನ್ನು ಬುಡದ ಕಡೆಗೆ ಸರಿಸಿ, ಪ್ರತಿ ಸಲ ಮರುಶ್ರುತಿ ಮಾಡಿ ನೋಡಿ.

ಪ್ರಶ್ನೆ:
ಕುದುರೆ ಅಂಟಿಸಿರಲಿಲ್ಲ. ಎರಡು ಮಿಲಿಮೀಟರು ಸರಿಸಿದ ಮೇಲೆ ಬೇರೆ ತಂತಿಗಳು ಸರಿಯಾದವು, ಆದರೆ ಕಾರ್ಡ್ ಹಿಡಿದಾಗ ಜೋಡಿ ತಂತಿಗಳು ಒಂದಕ್ಕೊಂದು ಹೊಂದುವುದಿಲ್ಲ.

ಉತ್ತರ:
ಹಾಗಿದ್ದರೆ ಕೈಯನ್ನು ಶಂಕಿಸಬೇಕು. ಗಿಟಾರಿನವರು ಅಗತ್ಯಕ್ಕಿಂತ ಬಲವಾಗಿ ಒತ್ತುವುದುಂಟು. ಫ್ರೆಟ್ ಎತ್ತರವಾಗಿದ್ದರೆ ಅಷ್ಟಕ್ಕೇ ಶ್ರುತಿ ಏರುತ್ತದೆ, ಬೆರಳು ಓರೆಯಾದರೆ ಜೋಡಿಯಲ್ಲಿ ಒಂದು ತಂತಿ ಮಾತ್ರ ಪಕ್ಕಕ್ಕೆ ಎಳೆದುಕೊಳ್ಳುತ್ತದೆ. ಅಪಲಾಚಿಯನ್ ಬೆಟ್ಟಗಳಲ್ಲಿ ಹಿಂದಿನವರು ನೋಟರ್ ಎಂಬ ಕಡ್ಡಿಯನ್ನು ಜೋಡಿಯ ಮೇಲೆ ಜಾರಿಸಿ, ಉಳಿದ ತಂತಿಗಳನ್ನು ತಂಬೂರಿಯಂತೆ ಮಿಡಿಯುತ್ತಿದ್ದರು, ಆ ಕ್ರಮದಲ್ಲಿ ಕಾರ್ಡ್‌ಗಳ ಗೊಡವೆಯೇ ಇರಲಿಲ್ಲ. ನಿಮಗೆ ಕಾರ್ಡ್ ಬೇಕೇ ಬೇಕೆಂದರೆ ಜೋಡಿಯಲ್ಲಿ ಒಂದನ್ನು ಬಿಚ್ಚಿಟ್ಟು ಮೂರು ತಂತಿಗಳಲ್ಲೇ ನುಡಿಸಿರಿ. ಅನೇಕರು ಹಾಗೆಯೇ ಮಾಡುತ್ತಾರೆ.

ಪ್ರಶ್ನೆ:
ಒಂದನ್ನು ಬಿಚ್ಚಿದೆ, ಈಗ ಒಪ್ಪುವಂತಿದೆ. ಆರೂವರೆ ಫ್ರೆಟ್ ಹಾಕಿಸಲೇ?

ಉತ್ತರ:
ಗಿಟಾರ್ ದುರಸ್ತಿ ಬಲ್ಲವರು ಹಾಕಿಕೊಡುತ್ತಾರೆ. ಆದರೆ ಕುದುರೆಯ ಜಾಗ ಅಂತಿಮವಾದ ಮೇಲೆಯೇ ಅಳತೆ ಕೊಡಿ. ಅಲ್ಲಿಯವರೆಗೆ ಡಿ-ಎ-ಎ ಸಾಕು.